ಬರೆ ಪಕ್ಕದ ಕೆಳಗಿನ ಕೋಣೆ ರಿಪೇರಿ: ನಾವು ಕೆಲಸ ಕೊಟ್ಟ ಕಂಟ್ರಾಕ್ಟರ್ ಬಗ್ಗೆ

ನಮ್ಮದು ಮಡಿಕೇರಿಯಲ್ಲಿ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಪಕ್ಕದ ಮನೆ. ಕೆಳಗಿನ ಮಹಡಿ ಅರ್ಧ ಮಣ್ಣಿನೊಳಗಿದೆ. ಇಷ್ಟು ವರ್ಷ ಅಲ್ಲಿ ಸೌದೆ, ಕಾಫಿ ಮೂಟೆ, ಹಳೆ ಸಾಮಾನು ಇಡುತ್ತಿದ್ದೆವು. ಅತ್ತೆಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ, ಆ ಕೋಣೆಗೆ ಅಂಗಳದಿಂದ ನೇರ ಬಾಗಿಲಿದೆ, ಹಾಗಾಗಿ ಅದನ್ನೇ ಅವರಿಗೆ ಮಲಗುವ ಕೋಣೆ ಮಾಡಿಸಿದೆವು. ಕೆಲಸ ಮಾಡಿದ ಕಂಟ್ರಾಕ್ಟರ್‌ಗೆ ನಾನು ಕೊಡುವುದು 5ಕ್ಕೆ 4. ನೀರಿನ ಕೆಲಸಕ್ಕೆ ಪೂರ್ತಿ 5, ವೈರಿಂಗ್‌ಗೆ 2. ದೂರೂ ಇರುವುದರಿಂದ ಹೆಸರು ಹಾಕುತ್ತಿಲ್ಲ, ಆದರೆ ಅವರು ಹೇಗೆ ಕೆಲಸ ಮಾಡಿದರು ಅನ್ನುವುದು ಇಲ್ಲಿ ಮನೆ ರಿಪೇರಿ ಮಾಡಿಸುವ ಎಲ್ಲರಿಗೂ ಗೊತ್ತಾಗಬೇಕು.

ಅವರಿಗಿಂತ ಮೊದಲು ಇಬ್ಬರು ಬಂದು ನೋಡಿದ್ದರು. ಇಬ್ಬರೂ ಸೀದಾ ಒಳಗೆ ಹೋಗಿ ಟೇಪ್ ಹಿಡಿದರು. ಟೈಲ್ಸ್ ಯಾವುದು, ಫಾಲ್ಸ್ ಸೀಲಿಂಗ್ ಬೇಕಾ ಅಂತ ಶುರು ಮಾಡಿದರು. ಗೋಡೆಯ ಬೂಷ್ಟು ತೋರಿಸಿದರೆ, ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಆಯ್ತು ಅಂದರು. ಒಬ್ಬರಂತೂ ಸೀಲಿಂಗ್ ಹಾಕಿದರೆ ಎತ್ತರ ಸಾಲದು, ನೆಲ ಒಂದಡಿ ಅಗೆಯೋಣ ಅಂದರು. ಹಳೆ ಕಲ್ಲಿನ ಪಾಯದ ಮನೆ ಇದು. ಪಾಯದ ಪಕ್ಕದಲ್ಲೇ ಅದರ ಬುಡಕ್ಕಿಂತ ಕೆಳಗೆ ಅಗೆದರೆ ಮೇಲಿನ ಮನೆಗೆ ಆಸರೆ ಏನು?

ಮೂರನೆಯವರು ಬಂದಾಗ ಜುಲೈ, ಜೋರು ಮಳೆ. ಕೊಡೆ ಮಡಚಲೇ ಇಲ್ಲ. "ಅಕ್ಕಾ, ಒಳಗೆ ಆಮೇಲೆ ನೋಡುವ, ಮೊದಲು ಮನೆ ಹಿಂದೆ ಹೋಗುವ" ಅಂದರು. ಬರೆ ಮತ್ತು ಗೋಡೆಯ ಮಧ್ಯದ ಗಲ್ಲಿಯಲ್ಲಿ ಮಣ್ಣು ಜರಿದು ಜರಿದು ಕಿಟಕಿಯ ಮಟ್ಟಕ್ಕೆ ಬಂದಿತ್ತು. ಮೇಲಿನ ಸೂರಿನ ನೀರೆಲ್ಲ ಒಂದೇ ಪೈಪಿನಲ್ಲಿ ಅಲ್ಲಿಗೇ ಬೀಳುತ್ತಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬರುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಷ್ಟು ನೀರು ಗೋಡೆಗೆ ಒತ್ತಿಕೊಂಡು ನಿಂತಿರುವಾಗ ಒಳಗಿನಿಂದ ಎಂಥ ಪೇಂಟ್ ಹೊಡೆದರೂ ನೀರು ಅದನ್ನು ಹಿಂದಿನಿಂದ ತಳ್ಳುತ್ತದೆ, ಗುಳ್ಳೆ ಎದ್ದು ಉದುರುತ್ತದೆ.

ಆಮೇಲೆ ಒಳಗೆ ಬಂದು ಒಂದು ಕೆಲಸ ಮಾಡಿದರು, ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಸುತ್ತಿದರು. ಬರೆ ಕಡೆಯ ಗೋಡೆಗೊಂದು, ಅಂಗಳದ ಕಡೆಯ ಗೋಡೆಗೊಂದು. ಎರಡು ದಿನ ಮುಟ್ಟಬೇಡಿ ಅಂದರು. ಬರೆ ಕಡೆಯ ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಗೆ ತಾಗಿದ ಬದಿಯಲ್ಲಿ, ಹನಿ ಕಟ್ಟಿತ್ತು. ಅಲ್ಲಿ ನೀರು ಗೋಡೆಯೊಳಗಿಂದಲೇ ಒಸರುತ್ತಿದೆ ಅಂತ ಅರ್ಥ. ಅಂಗಳದ ಕಡೆಯದರಲ್ಲಿ ಹಿಂಬದಿ ಒಣಗಿತ್ತು, ನಮ್ಮ ಕಡೆಯ ಮೇಲ್ಮೈ ಮಾತ್ರ ಒದ್ದೆ. ಅದು ಕೋಣೆಯ ಗಾಳಿಯ ತೇವ ತಣ್ಣನೆ ಗೋಡೆಗೆ ತಾಗಿ ನೀರಾದದ್ದು. ಒಂದಕ್ಕೆ ಹೊರಗಿನ ಕೆಲಸ ಬೇಕು, ಇನ್ನೊಂದಕ್ಕೆ ಗಾಳಿ ಓಡಾಡಬೇಕು. ಎರಡಕ್ಕೂ ಒಂದೇ ಡಬ್ಬಿ ಪೇಂಟ್ ಮಾರಲು ಬಂದವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಳೆ ನಿಂತ ಮೇಲೆ ಹಿಂದಿನ ಗಲ್ಲಿಯ ಮಣ್ಣು ತೆಗೆಸಿದರು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದದ್ದನ್ನು ಕಂಡವರಿಗೆ ಬರೆ ಬುಡಕ್ಕೆ ಗುದ್ದಲಿ ಹಾಕುವುದೆಂದರೆ ಎದೆ ಝಲ್ ಅನ್ನುತ್ತದೆ. ಇವರು ಜೆಸಿಬಿ ತರಲಿಲ್ಲ. ಉದ್ದಕ್ಕೂ ಒಟ್ಟಿಗೆ ಅಗೆಯಲೂ ಇಲ್ಲ. ಸ್ವಲ್ಪ ಅಗೆದು, ಅಷ್ಟು ಭಾಗದ ಗೋಡೆ ಕೆಲಸ ಮುಗಿಸಿ, ಆಮೇಲೆ ಮುಂದಿನ ಭಾಗ. ಗೋಡೆ ತೊಳೆದು, ಪ್ಲಾಸ್ಟರ್ ಮಾಡಿ, ಅದು ಒಣಗಿದ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ, ಒಂದು ಅಡ್ಡ, ಒಂದು ಉದ್ದ. ಬುಡದಲ್ಲಿ ತೂತಿನ ಪೈಪ್, ಅದರ ಸುತ್ತ ಜಲ್ಲಿ, ಮಣ್ಣು ಹೋಗಿ ಕಟ್ಟದ ಹಾಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ರಸಮಟ್ಟ ಇಟ್ಟು ಇಳಿಜಾರು ನೋಡಿ ನೀರನ್ನು ಕೆಳಗಿನ ತೋಡಿಗೆ ಬಿಟ್ಟರು. ಸೂರಿನ ನೀರಿಗೆ ಬೇರೆಯೇ ಪೈಪ್. ಬರೆಗೆ ಕಟ್ಟಿದ ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳಿದ್ದವಲ್ಲ, ಅವು ಮುಚ್ಚಿಹೋಗಿದ್ದವು. ಕಬ್ಬಿಣದ ಸರಳು ಹಾಕಿ ಒಂದೊಂದನ್ನೂ ಬಿಡಿಸಿದರು. ಅವನ್ನು ಮುಚ್ಚಿದರೆ ನೀರಿನ ಭಾರಕ್ಕೆ ತಡೆಗೋಡೆಯೇ ಹೊಟ್ಟೆ ಬಿಡುತ್ತದೆ.

ಒಳಗಿನ ಕೆಲಸ ಸರಳ. ಉಪ್ಪು ಎದ್ದ ಹಳೆ ಪ್ಲಾಸ್ಟರ್ ಕಿತ್ತು ಹೊಸದು ಮಾಡಿದರು. ಜಿಪ್ಸಮ್ ಬೋರ್ಡ್, ಪ್ಲೈವುಡ್ ಎರಡೂ ಬೇಡ, ಈ ಊರಿನ ತೇವಕ್ಕೆ ಉಬ್ಬುತ್ತವೆ ಅಂದರು. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವ ಎತ್ತರ 2.75 ಮೀಟರ್, ಅಂದರೆ ಸುಮಾರು 9 ಅಡಿ. ನಮ್ಮದು ಅದಕ್ಕಿಂತ ಸ್ವಲ್ಪವೇ ಜಾಸ್ತಿ ಇರುವುದರಿಂದ ಫಾಲ್ಸ್ ಸೀಲಿಂಗ್ ಕೈಬಿಟ್ಟು ಸ್ಲ್ಯಾಬಿಗೆ ಬಿಳಿ ಬಣ್ಣ ಹೊಡೆದರು, ನೆಲ ಅಗೆಯುವ ಪ್ರಶ್ನೆಯೇ ಬರಲಿಲ್ಲ. ಅಂಗಳದ ಕಡೆ ದೊಡ್ಡ ಕಿಟಕಿ, ಎದುರು ಗೋಡೆಯ ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್.

ದುಡ್ಡಿನ ವಿಷಯದಲ್ಲಿ ಇವರು ಅಚ್ಚುಕಟ್ಟು. ಕೊಟೇಶನ್ ಒಂದೇ ಸಾಲಿನಲ್ಲಿ "ಇಷ್ಟು ಲಕ್ಷ" ಅಂತ ಇರಲಿಲ್ಲ. ಎಷ್ಟು ಚದರ ಅಡಿ, ಯಾವ ಕಂಪನಿ ಸಿಮೆಂಟ್, ಎಷ್ಟು ಕೋಟ್, ಮಣ್ಣು ಸಾಗಿಸುವ ಖರ್ಚು ಯಾರದು, ಎಲ್ಲ ಬಿಡಿಬಿಡಿಯಾಗಿ ಬರೆದಿದ್ದರು. ಮುಂಗಡ ಕಾಲು ಭಾಗ, ಉಳಿದದ್ದು ಕೆಲಸ ಮುಗಿದ ಹಾಗೆ. ಕೊನೆಯ 10% ಮುಂದಿನ ಮಳೆಗಾಲ ಕಳೆದ ಮೇಲೆ ಕೊಡುತ್ತೇವೆ ಅಂದಾಗ ಮುಖ ಸಿಂಡರಿಸದೆ ಒಪ್ಪಿದರು. ನನಗೆ ಧೈರ್ಯ ಬಂದದ್ದೇ ಆಗ. ಈ ಸಲದ ಮಳೆಗಾಲ ಕಳೆಯಿತು. ಬರೆ ಕಡೆಯ ಗೋಡೆಗೆ ಕೈ ಇಟ್ಟರೆ ಒಣಗಿದೆ. ಕಿಟಕಿಯ ಒಂದು ಮೂಲೆಯಲ್ಲಿ ಸ್ವಲ್ಪ ತೇವ ಇತ್ತು, ಹೇಳಿದ ವಾರವೇ ಬಂದು ಸರಿಮಾಡಿ ಹೋದರು. ಹಣ ಕೊಟ್ಟಾಯ್ತು.

ಇನ್ನು ದೂರು. ವೈರಿಂಗ್‌ಗೆ ಅವರು ಕಳಿಸಿದ ಹುಡುಗ ಸಾಕೆಟ್‌ಗಳಿಗೆ ಅರ್ತ್ ಕೊಟ್ಟೇ ಇರಲಿಲ್ಲ. ತೇವದ ಕೋಣೆ, ವಯಸ್ಸಾದವರು ಇರುವ ಜಾಗ, ಇದು ಸಣ್ಣ ವಿಷಯ ಅಲ್ವೇ ಅಲ್ಲ. ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟು ನೋಡಿದಾಗ ಗೊತ್ತಾಯ್ತು. ಎಲ್ಲ ಬಿಚ್ಚಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿದೆವು. ಕಂಟ್ರಾಕ್ಟರ್ ಬಿಲ್ಲಿನಲ್ಲಿ ಆ ಹಣ ಕಡಿಮೆ ಮಾಡಿದರು, ಸರಿ, ಆದರೆ ಅವರೇ ನಿಂತು ನೋಡಬೇಕಿತ್ತು. ಕೆಲಸ ಹೇಳಿದ ದಿನಕ್ಕೆ ಮುಗಿಯಲೂ ಇಲ್ಲ. ಜನವರಿಯಲ್ಲಿ ಆಳುಗಳೆಲ್ಲ ಕಾಫಿ ಕೊಯ್ಲಿಗೆ ಹೋದರು, ಅರ್ಧ ಟೈಲ್ಸ್ ಹಾಸಿದ ಕೋಣೆ ಸುಮ್ನೆ ಬಿದ್ದಿತ್ತು. ಇದು ಅವರೊಬ್ಬರ ತಪ್ಪಲ್ಲ, ಕೊಡಗಿನಲ್ಲಿ ಎಲ್ಲರಿಗೂ ಇದೇ ಪಾಡು. ಹಾಗಾಗಿ ಕಂಟ್ರಾಕ್ಟರನ್ನು ಜುಲೈ, ಆಗಸ್ಟ್‌ನಲ್ಲೇ ಕರೆಸಿ ನೀರು ಎಲ್ಲಿ ಹರಿಯುತ್ತದೆ ಅಂತ ಕಣ್ಣಾರೆ ತೋರಿಸಿ. ಅಕ್ಟೋಬರ್ ಒಳಗೆ ಮಾತು ಮುಗಿಸಿ, ಮಳೆ ಬಿಟ್ಟ ಕೂಡಲೇ ಹೊರಗಿನ ಕೆಲಸ ಶುರು ಮಾಡಿಸಿ.

ಪಕ್ಕದಲ್ಲಿ ಅತ್ತೆಗೆ ಒಂದು ಬಾತ್‌ರೂಮ್ ಆಗಬೇಕು. ಅದನ್ನೂ ಇವರಿಗೇ ಕೊಡುತ್ತಿದ್ದೇವೆ. ವೈರಿಂಗ್ ಮಾತ್ರ ನಮ್ಮ ಎಲೆಕ್ಟ್ರಿಷಿಯನ್‌ದು ಅಂತ ಕೊಟೇಶನ್‌ನಲ್ಲೇ ಬರೆಸಿದ್ದೇವೆ.