ಕಾಮ್ರೇಡ್ಸ್ ಓಡಲು ಹೋದರೆ ಉಳಿಯುವುದೆಲ್ಲಿ? ಡರ್ಬನ್, ಪೀಟರ್‌ಮಾರಿಟ್ಸ್‌ಬರ್ಗ್, ಹಿಲ್‌ಕ್ರೆಸ್ಟ್

ಕಾಮ್ರೇಡ್ಸ್ ಅಂದರೆ ದಕ್ಷಿಣ ಆಫ್ರಿಕಾದಲ್ಲಿ ಡರ್ಬನ್, ಪೀಟರ್‌ಮಾರಿಟ್ಸ್‌ಬರ್ಗ್ ಊರುಗಳ ನಡುವೆ ನಡೆಯುವ ಅಲ್ಟ್ರಾ ಮ್ಯಾರಥಾನ್. ಉಳಿಯುವ ಜಾಗದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಒಬ್ಬರೇ ಹೋಗುವುದಾದರೆ ಡರ್ಬನ್. ಮನೆಯವರು ಜೊತೆಗಿದ್ದು, ಕಾರು ಓಡಿಸಲು ಯಾರಾದರೂ ಇದ್ದರೆ ಹಿಲ್‌ಕ್ರೆಸ್ಟ್. ಡೌನ್ ರನ್ ವರ್ಷ, ಅಂದರೆ ಓಟ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಶುರುವಾಗುವ ವರ್ಷ, ಅಲ್ಲೇ ಉಳಿಯಿರಿ ಎಂದು ತುಂಬಾ ಜನ ಸಲಹೆ ಕೊಡುತ್ತಾರೆ. ಅಲ್ಲೂ ಉಳಿದು ನೋಡಿದ್ದೇನೆ, ಆ ಸಲಹೆ ನನಗೆ ಒಪ್ಪಿಗೆಯಿಲ್ಲ.

ಕಾಮ್ರೇಡ್ಸ್‌ನ ತೊಡಕೇ ಇದು. ಶುರುವಾಗುವ ಊರು ಒಂದು, ಮುಗಿಯುವ ಊರು ಇನ್ನೊಂದು, ಸಾಲದ್ದಕ್ಕೆ ಸಾಮಾನ್ಯವಾಗಿ ವರ್ಷ ಬಿಟ್ಟು ವರ್ಷ ದಿಕ್ಕೂ ಬದಲಾಗುತ್ತದೆ. ಸಮುದ್ರದ ದಡದ ಡರ್ಬನ್‌ನಿಂದ ಒಳನಾಡಿನ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ಹತ್ತಿದರೆ ಅಪ್ ರನ್, ಅಲ್ಲಿಂದ ಇಳಿದು ಬಂದರೆ ಡೌನ್ ರನ್. 2024ರ ಅಪ್ ರನ್ 85.91 ಕಿ.ಮೀ. ಇತ್ತು, 2025ರ ಡೌನ್ ರನ್ ಹೆಚ್ಚುಕಮ್ಮಿ 90. ಹೊಸಬರು ಸತತ ಎರಡು ವರ್ಷ ಮುಗಿಸಿದರೆ ಬ್ಯಾಕ್-ಟು-ಬ್ಯಾಕ್ ಅಂತ ಇನ್ನೊಂದು ಮೆಡಲ್ ಸಿಗುತ್ತದೆ. ಒಮ್ಮೆ ಓಡಿ ಸುಮ್ಮನಾಗೋಣ ಎಂದುಕೊಂಡವರನ್ನೂ ಮತ್ತೆ ಎಳೆದು ತರುವುದು ಅದೇ.

ಡೌನ್ ರನ್‌ಗೆ ಪೀಟರ್‌ಮಾರಿಟ್ಸ್‌ಬರ್ಗ್ ಯಾಕೆ ಅಂದರೆ ನಿದ್ದೆಗೋಸ್ಕರ. ಓಟ ಶುರುವಾಗುವುದು ಅಲ್ಲಿನ ಕೆಂಪು ಇಟ್ಟಿಗೆಯ ಸಿಟಿ ಹಾಲ್ ಮುಂದೆ, ಇನ್ನೂ ಕತ್ತಲಿರುವಾಗಲೇ. ಡರ್ಬನ್‌ನಲ್ಲಿ ಉಳಿದವರು ರಾತ್ರಿ ಎರಡು, ಎರಡೂವರೆಗೆಲ್ಲ ಬಸ್ ಹತ್ತಬೇಕು. ಅಲ್ಲೇ ಗೆಸ್ಟ್‌ಹೌಸ್ ಇದ್ದರೆ ಒಂದೂವರೆ ಗಂಟೆ ಜಾಸ್ತಿ ಮಲಗಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಾಮ್ರೇಡ್ಸ್ ಹಿಂದಿನ ರಾತ್ರಿ ನಿದ್ದೆ ಯಾರಿಗೆ ಬರುತ್ತದೆ ಹೇಳಿ? ನಾನಂತೂ ಹೊರಳಾಡಿದೆ. ಜೂನ್ ಅಂದರೆ ಅಲ್ಲಿ ಚಳಿಗಾಲ, ರಾತ್ರಿಯ ಚಳಿ ಒಂದಂಕಿಗೆ ಇಳಿಯುತ್ತದೆ, ರೂಮಿನಲ್ಲಿ ಹೀಟರ್ ಇದೆಯೋ ಇಲ್ಲವೋ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ನಿಜವಾದ ತಾಪತ್ರಯ ಓಟ ಮುಗಿದ ಮೇಲೆ. ನಿಮ್ಮ ದೇಹ ಡರ್ಬನ್‌ನಲ್ಲಿ, ಸೂಟ್‌ಕೇಸ್ 80 ಕಿ.ಮೀ. ಆಚೆ! ಸ್ಟಾರ್ಟ್‌ನಲ್ಲಿ ನಾವು ಕೊಟ್ಟು ಫಿನಿಶ್‌ನಲ್ಲಿ ವಾಪಸ್ ಪಡೆಯುವ ಟಾಗ್ ಬ್ಯಾಗ್‌ನಲ್ಲಿ (ಬಟ್ಟೆಯ ಚೀಲ) ಒಂದು ಜೊತೆ ಬಟ್ಟೆ, ಚಪ್ಪಲಿ ಹಿಡಿಸುತ್ತದೆ, ಅಷ್ಟೇ. ಅದೂ ಅಲ್ಲದೆ ಬಿಬ್ (ಎದೆಗೆ ಹಚ್ಚಿಕೊಳ್ಳುವ ನಂಬರ್ ಚೀಟಿ) ತೆಗೆದುಕೊಳ್ಳುವ ಎಕ್ಸ್‌ಪೋ ಇರುವುದು ಡರ್ಬನ್‌ನಲ್ಲಿ, ಓಟದ ಬೆಳಿಗ್ಗೆ ಬಿಬ್ ಕೊಡುವುದಿಲ್ಲ. ಅಂದರೆ ಹೇಗಿದ್ದರೂ ಮೊದಲು ಡರ್ಬನ್‌ಗೆ ಬರಲೇಬೇಕು. ಪೀಟರ್‌ಮಾರಿಟ್ಸ್‌ಬರ್ಗ್ ನೋಡಲೇಬೇಕಾದ ಊರು ಅನ್ನುವುದು ಬೇರೆ ಮಾತು. 1893ರ ಜೂನ್ 7ರ ರಾತ್ರಿ ಗಾಂಧೀಜಿಯನ್ನು ರೈಲಿನಿಂದ ಹೊರದಬ್ಬಿದ ಸ್ಟೇಷನ್ ಅಲ್ಲೇ ಇದೆ. ಓಟವೂ ಹೆಚ್ಚಾಗಿ ಅದೇ ದಿನಗಳ ಆಸುಪಾಸಿಗೆ ಬೀಳುತ್ತದೆ. ಅದಕ್ಕೆ ಒಂದು ಮಧ್ಯಾಹ್ನ ಸಾಕು, ರಾತ್ರಿ ಉಳಿಯಬೇಕಾಗಿಲ್ಲ.

ಡರ್ಬನ್‌ನಲ್ಲಿ ಉಳಿದು ಡೌನ್ ರನ್ ಓಡಿದಾಗ ಬಸ್ಸಿನಲ್ಲಿ ತೂಕಡಿಸಿಕೊಂಡು ಹೋದೆ. ಕಷ್ಟವೇ, ಇಲ್ಲ ಅನ್ನಲ್ಲ. ಆದರೆ ಸಂಜೆ ಫಿನಿಶ್ ದಾಟಿದ ಮೇಲೆ ಸ್ವಲ್ಪ ಹೊತ್ತಿಗೆಲ್ಲ ರೂಮಿನಲ್ಲಿ ಬಿಸಿನೀರು! 12 ಗಂಟೆಯ ಮಿತಿಯ ಓಟ ಇದು. ಕೊನೆಯ ಗುಂಪಿನಲ್ಲಿ ಬರುವವರು ಮುಗಿಸುವಷ್ಟರಲ್ಲಿ ಕತ್ತಲಾಗಿರುತ್ತದೆ. ಆಗ ಒಂದು ಮೆಟ್ಟಿಲು ಇಳಿಯುವುದಕ್ಕೂ ತೊಡೆ ಒಪ್ಪುವುದಿಲ್ಲ. ಓಡುವ ಮುಂಚಿನ ಬಸ್ಸನ್ನು ಸಹಿಸಬಹುದು, ಓಡಿದ ಮೇಲಿನ ಬಸ್ಸನ್ನಲ್ಲ.

ಅದಕ್ಕೇ ಅಪ್ ರನ್‌ಗೆ ಡರ್ಬನ್ ಪೂರ್ತಿ ಸುಖವಲ್ಲ. ಬೆಳಿಗ್ಗೆ ಆರಾಮಾಗಿ ಹೋಗಿ ನಿಲ್ಲಬಹುದು, ಸರಿ. ಆದರೆ 2024ರಂತೆ ಪೀಟರ್‌ಮಾರಿಟ್ಸ್‌ಬರ್ಗ್‌ನ ಸ್ಕಾಟ್ಸ್‌ವಿಲ್ ರೇಸ್‌ಕೋರ್ಸ್‌ನಲ್ಲಿ ಮುಗಿದರೆ, ಬೆವರಿದ ಬಟ್ಟೆಯಲ್ಲಿ ಆ ಚಳಿಗೆ ನಡುಗುತ್ತಾ ಬಸ್ ಕಾದು, ಎನ್3 ಹೆದ್ದಾರಿಯಲ್ಲಿ ವಾಪಸ್ ಬರಬೇಕು. ಟಾಗ್ ಬ್ಯಾಗ್‌ನಲ್ಲಿ ದಪ್ಪ ಜಾಕೆಟ್, ಒಣ ಸಾಕ್ಸ್ ಹಾಕಿಟ್ಟಿರಿ. ಆದರೂ ಒಬ್ಬರೇ ಇದ್ದಾಗ ನಾನು ಡರ್ಬನ್ನೇ ಅನ್ನುತ್ತೇನೆ, ಯಾಕೆಂದರೆ ಎಕ್ಸ್‌ಪೋ, ಸ್ಟಾರ್ಟ್, ಹೋಟೆಲು, ಊಟ ಎಲ್ಲ ಅಲ್ಲೇ. ಬೀಚ್ ಪಕ್ಕದ ಗೋಲ್ಡನ್ ಮೈಲ್ ಅನುಕೂಲ, ಕತ್ತಲಾದ ಮೇಲೆ ನಡೆದು ತಿರುಗದೆ ಕ್ಯಾಬ್ ಹಿಡಿಯಿರಿ. ಉಮ್ಹ್ಲಾಂಗಾ ಚೆಂದ, ಏರ್‌ಪೋರ್ಟಿಗೂ ಹತ್ತಿರ, ಆದರೆ ದುಬಾರಿ. ಸಸ್ಯಾಹಾರಿಗಳಿಗೆ ಡರ್ಬನ್‌ನಲ್ಲಿ ಚಿಂತೆಯೇ ಇಲ್ಲ. 1860ರಿಂದ ಕಬ್ಬಿನ ತೋಟಗಳಿಗೆ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳ ಊರು ಅದು. ಬ್ರೆಡ್ಡಿನ ಒಳಗೆ ಕಾಳಿನ ಪಲ್ಯ ತುಂಬಿಕೊಡುವ ಬೀನ್ಸ್ ಬನ್ನಿ ಚೌ ಬಾಯಲ್ಲಿ ನೀರೂರಿಸುತ್ತದೆ. ದಯವಿಟ್ಟು ಓಟ ಆದ ಮೇಲೆ ತಿನ್ನಿ, ಖಾರ ಜೋರು.

ಇನ್ನು ಹಿಲ್‌ಕ್ರೆಸ್ಟ್. ಡರ್ಬನ್‌ನಿಂದ ಸುಮಾರು 30 ಕಿ.ಮೀ., ಓಟದ ದಾರಿಯ ಎರಡು ದಿಬ್ಬಗಳಾದ ಬೋಥಾಸ್ ಹಿಲ್‌ಗೂ ಫೀಲ್ಡ್ಸ್ ಹಿಲ್‌ಗೂ ನಡುವೆ. ಓಟದ ದಾರಿ ಊರೊಳಗೇ ಹಾದುಹೋಗುತ್ತದೆ. ಓಡುವವರನ್ನು ನೋಡಲು ಬಂದವನಾಗಿ ನಾನು ಅಲ್ಲಿ ಉಳಿದಾಗ ಕಂಡ ಕಾಮ್ರೇಡ್ಸೇ ಬೇರೆ. ರಸ್ತೆ ಪಕ್ಕ ಕುರ್ಚಿ ಹಾಕಿ, ಬ್ರಾಯ್ (ಬಾರ್ಬೆಕ್ಯೂ) ಒಲೆ ಹಚ್ಚಿ, ಗುರುತು ಪರಿಚಯ ಇಲ್ಲದವರನ್ನೂ ಬಿಬ್ ಮೇಲಿನ ಹೆಸರು ಓದಿ ಕೂಗುತ್ತಾರೆ. ಮನೆಯವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಫಿನಿಶ್‌ನಲ್ಲಿ ಬೆಳಿಗ್ಗೆಯಿಂದ ಕಾಯುವುದು ಬೇಜಾರು, ಅಲ್ವಾ? ಎರಡು ಊರಿಗೂ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಹೋಗಬಹುದು, ಹಾಗಾಗಿ ದಿಕ್ಕು ಯಾವುದಾದರೂ ಬಿಡುವವರೂ ಕರೆದುಕೊಂಡು ಬರುವವರೂ ಸುಸ್ತಾಗುವುದಿಲ್ಲ. ಒಂದೇ ಷರತ್ತು, ಓಟದ ರಸ್ತೆ ಮುಚ್ಚಿರುತ್ತದೆ. ಗೆಸ್ಟ್‌ಹೌಸ್ ಬುಕ್ ಮಾಡುವ ಮೊದಲು ಅವತ್ತು ಕಾರು ಹೊರಗೆ ತೆಗೆಯಲು ಬೇರೆ ದಾರಿ ಇದೆಯಾ ಎಂದು ಮಾಲೀಕರನ್ನೇ ಕೇಳಿ. ಕಾರಿಲ್ಲದವರು ಹಿಲ್‌ಕ್ರೆಸ್ಟ್ ಕಡೆ ತಲೆಹಾಕುವುದೇ ಬೇಡ.

ವಿಮಾನದ ಬಗ್ಗೆ ಒಂದೇ ಮಾತು. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಟಿಕೆಟ್ ಅಗ್ಗಕ್ಕೆ ಸಿಕ್ಕರೆ ನಡುವೆ ಕಾಯುವ ಸಮಯ ನೋಡಿಕೊಳ್ಳಿ. 12 ಗಂಟೆ ದಾಟಿದರೆ ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಕೇಳುತ್ತಾರೆ, ಆ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಗಲ್ಫ್ ಮೂಲಕ ಹೋದರೆ ಈ ರಗಳೆ ಇಲ್ಲ.