ರೊಟಾಲಾ ಮ್ಯಾಕ್ರಾಂಡ್ರಾಗೆ ಯಾವ ನೀರು? ಬೋರ್, ಆರ್‌ಒ, ಮಳೆ

ರೊಟಾಲಾ ಮ್ಯಾಕ್ರಾಂಡ್ರಾ ಅಕ್ವೇರಿಯಂನಲ್ಲಿ ಬೆಳೆಸುವ ಕೆಂಪೆಲೆಯ ಗಿಡ, ದಕ್ಷಿಣ ಭಾರತದ್ದೇ. ಕೇರಳ, ಕರ್ನಾಟಕದ ಘಟ್ಟದ ಕಡೆ ತಾನಾಗಿಯೇ ಬೆಳೆಯುತ್ತದೆ. ಅದೇ ಗಿಡ ಬೆಂಗಳೂರಿನ ನನ್ನ ಟ್ಯಾಂಕಿನಲ್ಲಿ ಮೂರು ಸಲ ಕರಗಿ ಹೋಯಿತು. ಒಮ್ಮೆ ಲೈಟು ಬದಲಾಯಿಸಿದೆ, ಇನ್ನೊಮ್ಮೆ ಎಲೆ ಕೆಂಪಾಗಲೆಂದು ಐರನ್ (ಕಬ್ಬಿಣದ) ಗೊಬ್ಬರದ ಬಾಟಲಿ ತಂದೆ. ನೀರಿನ ಮೇಲೆ ಅನುಮಾನವೇ ಬರಲಿಲ್ಲ. ಘಟ್ಟದ ತೊರೆಗೂ ನಮ್ಮ ಬೋರ್‌ವೆಲ್‌ಗೂ ಎಲ್ಲಿಂದೆಲ್ಲಿಗೆ ಹೋಲಿಕೆ, ಅಲ್ವಾ?

ಕಳೆದ ಜೂನ್‌ನಲ್ಲಿ 30 ಲೀಟರಿನ ಮೂರು ಟ್ಯಾಂಕ್ ಜೋಡಿಸಿದೆ. ಲೈಟು, ಗೊಬ್ಬರ, ಆಕ್ವಾ ಸಾಯಿಲ್ (ಗಿಡ ನೆಡಲು ಟ್ಯಾಂಕಿನ ತಳಕ್ಕೆ ಹಾಕುವ ಮಣ್ಣು) ಎಲ್ಲಕ್ಕೂ ಒಂದೇ. ಒಂದೇ ಸಿಒಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್‌ನಿಂದ ಮೂರು ಪೈಪ್. ಒಂದೊಂದರಲ್ಲೂ 10 ಕಡ್ಡಿ ನೆಟ್ಟೆ. ನೀರು ಮಾತ್ರ ಬೇರೆ ಬೇರೆ.

ಬೋರ್ ನೀರಿನ ಟಿಡಿಎಸ್ (ಕರಗಿದ ಒಟ್ಟು ಲವಣ) 680, ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನ ಗಡಸುತನ) 18, ಕೆಎಚ್ (ಕಾರ್ಬೊನೇಟ್ ಗಡಸುತನ) 14. ಮೊದಲ ಎರಡು ವಾರ ಈ ಟ್ಯಾಂಕೇ ಚೆನ್ನಾಗಿತ್ತು! ನಾನು ಪ್ರಯೋಗ ನಿಲ್ಲಿಸುವುದರಲ್ಲಿದ್ದೆ. ಆಮೇಲೆ ಗೊತ್ತಾಯಿತು: ಹೊಸ ಆಕ್ವಾ ಸಾಯಿಲ್ ನೀರಿನ ಕೆಎಚ್ ಹೀರಿಕೊಳ್ಳುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ವಾರ ವಾರ ಅರ್ಧ ನೀರು ಬದಲಾಯಿಸುತ್ತಾ ಹೋದೆ. ಐದನೇ ವಾರಕ್ಕೆ ಕೆಎಚ್ ಮತ್ತೆ 11 ತೋರಿಸಿತು. ತುದಿಯ ಎಲೆಗಳು ಚಿಕ್ಕದಾಗಿ ಮುರುಟಿದವು. ಕೆಳಗಿನ ಗೆಣ್ಣುಗಳು ಕಪ್ಪಾಗಿ, ಕಡ್ಡಿಗಳು ಕಳಚಿ ತೇಲತೊಡಗಿದವು. ಏಳನೇ ವಾರಕ್ಕೆ ಉಳಿದದ್ದು ಮೂರು. ಪಕ್ಕದಲ್ಲೇ ಸುಮ್ನೆ ನೆಟ್ಟಿದ್ದ ಲುಡ್ವಿಜಿಯಾ ಎಂಬ ಇನ್ನೊಂದು ಅಕ್ವೇರಿಯಂ ಗಿಡಕ್ಕೆ ಇದರ ಪರಿವೆಯೇ ಇಲ್ಲ. ಬೋರ್ ನೀರು ಬಿಟ್ಟರೆ ಬೇರೆ ದಾರಿ ಇಲ್ಲದವರು ಅದನ್ನೇ ಬೆಳೆಸಿ.

ಆರ್‌ಒ ನೀರಿನ ಟಿಡಿಎಸ್ 20. ಕ್ಯಾಲ್ಸಿಯಂ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟ್ ಬೆರೆಸಿ ಜಿಎಚ್ 4ಕ್ಕೆ ತಂದೆ. ಎಲೆ ಅಗಲವಾಗಿ, ಅಂಚು ಅಲೆ ಅಲೆಯಾಗಿ, ದಾಳಿಂಬೆ ಬಣ್ಣಕ್ಕೆ ತಿರುಗಿತು. ಗೊಬ್ಬರ ಮೂರಕ್ಕೂ ಒಂದೇ ಆಗಿತ್ತು, ಹಾಗಾಗಿ ಐರನ್ ಬಾಟಲಿಯ ಮೇಲಿನ ನನ್ನ ಭಕ್ತಿ ಅಲ್ಲಿಗೆ ಮುಗಿಯಿತು. ತೊಂದರೆ ಎಂದರೆ, ಲವಣ ಹಾಕಲು ಮರೆಯುವಂತಿಲ್ಲ. ಸತತ ಎರಡು ವಾರ ಮರೆತೆ, ಹೊಸ ಎಲೆಗಳು ಸೊಟ್ಟಗೆ ಬಂದವು. ಜೊತೆಗೆ ನನ್ನ ಮೆಷಿನ್ 1 ಲೀಟರ್ ಒಳ್ಳೆಯ ನೀರಿಗೆ 2 ಲೀಟರ್ ಹೊರಗೆ ಬಿಡುತ್ತದೆ. ಅದನ್ನು ನೆಲ ಒರೆಸಲು ಬಳಸುತ್ತೇವೆ. ನೆಲದ ಮೇಲೆ ಬಿಳಿ ಕಲೆ ಬಂತೆಂದು ಬೈಸಿಕೊಂಡದ್ದೂ ಉಂಟು.

ಮಳೆ ನೀರಿನ ಟಿಡಿಎಸ್ 12. ಇದಕ್ಕೂ ಅದೇ ಲವಣ. ಮೊದಲ ಮಳೆ ಟೆರೇಸ್ ತೊಳೆಯಲಿ ಎಂದು ಬಿಟ್ಟು, ಮುಂದಿನದನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಿದ ಡ್ರಮ್ಮಿಗೆ ತುಂಬಿಸಿದೆ. ಬಣ್ಣದಲ್ಲಿ ಆರ್‌ಒ ಟ್ಯಾಂಕಿಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಖರ್ಚು ಡ್ರಮ್ಮಿನದಷ್ಟೇ.

ಈಗ ನಾನು ಮಾಡುವುದು ಬೆರಕೆ. 4 ಪಾಲು ಮಳೆ ನೀರಿಗೆ 1 ಪಾಲು ಬೋರ್ ನೀರು. ಟಿಡಿಎಸ್ 145ರ ಆಸುಪಾಸು, ಕೆಎಚ್ 3ರ ಒಳಗೆ. ಲವಣ ತೂಗುವ ಕೆಲಸವಿಲ್ಲ. ಕೆಂಪು ಚೂರು ಕಡಿಮೆ, ಆದರೆ ಕಡ್ಡಿ ಗಟ್ಟಿಯಾಗಿದೆ.

ಇಡೀ ವರ್ಷಕ್ಕೆ ಮಾತ್ರ ಸಾಲುವುದಿಲ್ಲ. ಒಂದು ಟ್ಯಾಂಕಿಗೆ ವಾರಕ್ಕೆ 12 ಲೀಟರ್ ಮಳೆ ನೀರು ಬೇಕು. ಅಕ್ಟೋಬರ್ ಕೊನೆಗೆ ತುಂಬಿಸಿಟ್ಟ 200 ಲೀಟರಿನ ಡ್ರಮ್ ಫೆಬ್ರವರಿಯಲ್ಲಿ ಖಾಲಿಯಾಯಿತು. ಅಲ್ಲಿಂದ ಮಳೆ ಬರುವವರೆಗೆ ಮತ್ತೆ ಆರ್‌ಒ. ಎರಡನೇ ಡ್ರಮ್ಮಿಗೆ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.