ಇಲ್ಲದ ಟೈಮಿಂಗ್ ಬೆಲ್ಟ್‌ಗೆ 7,900 ರೂಪಾಯಿ ಕಿತ್ತುಕೊಂಡರು, ಹಳೇ ಕಾರಿನವರು ಹುಷಾರು

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಇನ್ನೊಬ್ಬರು ಹೀಗೆ ಸಿಕ್ಕಿಹಾಕಿಕೊಳ್ಳಬಾರದು.

ನಮ್ಮದು 2011ರ ವ್ಯಾಗನಾರ್. ಅಪ್ಪ ರಿಟೈರ್ ಆದಾಗ ತಗೊಂಡಿದ್ದು. 94,000 ಕಿ.ಮೀ. ಓಡಿದೆ. 15 ವರ್ಷ ತುಂಬುತ್ತಿದೆ, ಆರ್‌ಸಿ ರಿನ್ಯೂ ಮಾಡಿಸಬೇಕು, ಅಷ್ಟರಲ್ಲಿ ಗಾಡಿ ಸರಿ ಇರಲಿ ಅಂತ ಅವರ ಆಸೆ. ಇದ್ದ ತೊಂದರೆ ಒಂದೇ. ಹಂಪ್ ಇಳಿದರೆ ಮುಂದಿನ ಎಡ ಚಕ್ರದ ಹತ್ತಿರ ಕಟ್ ಕಟ್ ಸದ್ದು. ಮೈಸೂರಿನ ಒಂದು ಗ್ಯಾರೇಜ್‌ಗೆ ಬಿಟ್ಟೆ. ಲೋಯರ್ ಆರ್ಮ್ ಬುಷ್ (ಚಕ್ರ ಹಿಡಿಯುವ ತೋಳಿನ ರಬ್ಬರ್ ತುಂಡು) ಹೋಗಿದೆ, ಆಯಿಲ್ ಚೇಂಜ್ ಸೇರಿ 6,000 ಆಗುತ್ತೆ ಅಂದರು. ಸರಿ ಅಂದೆ.

ಮಾರನೇ ದಿನ ಮಧ್ಯಾಹ್ನ ಫೋನ್. ನಾನು ಆಫೀಸಿನಲ್ಲಿದ್ದೆ. "ಸರ್, ಟೈಮಿಂಗ್ ಬೆಲ್ಟ್ ಪೂರ್ತಿ ಬಿರುಕು ಬಿಟ್ಟಿದೆ. ದಾರೀಲಿ ತುಂಡಾದ್ರೆ ವಾಲ್ವ್ ಬೆಂಡ್ ಆಗುತ್ತೆ, ಎಂಜಿನ್ನೇ ಬಿಚ್ಚಬೇಕು. ಫ್ಯಾಮಿಲಿ ಓಡಾಡೋ ಗಾಡಿ ಅಲ್ವಾ?" ಟೈಮಿಂಗ್ ಬೆಲ್ಟ್ ಅಂದರೆ ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ರಬ್ಬರ್ ಪಟ್ಟಿ. ವಾಟ್ಸಾಪ್‌ನಲ್ಲಿ ಫೋಟೋನೂ ಬಂತು. ಹಲ್ಲು ಹಲ್ಲಿನ ಕಪ್ಪು ಬೆಲ್ಟ್, ಮೈಯೆಲ್ಲ ಸೀಳು. ಅಪ್ಪ ಅಮ್ಮ ಆ ಗಾಡಿಯಲ್ಲಿ ಊರಿಗೆ ಹೋಗುವುದು ನೆನಪಾಯಿತು. ಮಾಡಿ ಅಂದುಬಿಟ್ಟೆ. ಜೊತೆಗೆ ಎಂಜಿನ್ ಮೌಂಟಿಂಗ್ ಅಂತ 2,700 ಸೇರಿಸಿದರು. ಒಟ್ಟು 16,600. ಕಟ್ಟಿದೆ. ಹಳೇ ಬೆಲ್ಟ್ ಕೊಡಿ ಅಂದೆ. "ಸ್ಕ್ರ್ಯಾಪ್‌ನವನು ತಗೊಂಡು ಹೋದ ಸರ್."

ನಾಲ್ಕೇ ದಿನ. ಮತ್ತೆ ಅದೇ ಕಟ್ ಕಟ್.

ಈ ಸಲ ನಮ್ಮ ಬೀದಿ ತುದಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅಪ್ಪನ ಸ್ಕೂಟರ್ ಕಾಲದಿಂದ ಪರಿಚಯ. ಬಿಲ್ ನೋಡಿದರು, ಬಾನೆಟ್ ಎತ್ತಿದರು, ಮತ್ತೆ ಬಿಲ್ ನೋಡಿದರು. "ಇದರಲ್ಲಿ ಟೈಮಿಂಗ್ ಬೆಲ್ಟ್ ಎಲ್ಲಿದೆಯಪ್ಪಾ? ಇದು ಕೆ-ಸೀರೀಸ್ ಎಂಜಿನ್ನು. ಚೈನ್ ಇರೋದು. ಬೆಲ್ಟ್ ಇದ್ದಿದ್ದು 2010ಕ್ಕೆ ಮುಂಚಿನ ಹಳೇ ವ್ಯಾಗನಾರ್‌ಗೆ."

ಆ ಕ್ಷಣ ಮುಖ ಬಿಸಿಯಾಯಿತು. ಇಲ್ಲದ ಬೆಲ್ಟು! ಇಲ್ಲದ್ದನ್ನು ಬದಲಾಯಿಸಿ, ಲೇಬರ್ ಸೇರಿಸಿ 7,900! ಯಾವುದೋ ಬೇರೆ ಗಾಡಿಯ ಬೆಲ್ಟ್ ಫೋಟೋ ಕಳಿಸಿ ನನ್ನನ್ನು ಹೆದರಿಸಿದ್ದಾರೆ. ಬುಷ್ ಕೂಡ ಹಾಕಿಲ್ಲ. ಹಳೆಯದನ್ನೇ ಡೀಸೆಲ್‌ನಲ್ಲಿ ಒರೆಸಿಟ್ಟಿದ್ದಾರೆ, ರಬ್ಬರ್ ಹರಿದಿದ್ದು ಹಾಗೇ ಕಾಣುತ್ತಿತ್ತು.

ಫೋನ್ ಮಾಡಿದೆ. ಮೊದಲು, "ಕಂಪ್ಯೂಟರ್‌ನಲ್ಲಿ ಎಂಟ್ರಿ ತಪ್ಪಾಗಿದೆ ಸರ್." ಆಮೇಲೆ, "ಆಲ್ಟರ್ನೇಟರ್ ಬೆಲ್ಟ್‌ಗೇ ನಾವು ಹಾಗೆ ಬರೆಯೋದು." ಆ ಬೆಲ್ಟಿಗೆ ಉದ್ದುದ್ದ ಗೆರೆ ಇರುತ್ತೆ, ಅಡ್ಡ ಹಲ್ಲಲ್ಲ. ಹಾಗಾದರೆ ಫೋಟೋದಲ್ಲಿ ಹಲ್ಲು ಯಾಕಿದೆ? ಉತ್ತರ ಇಲ್ಲ. ಬುಷ್ ಬಗ್ಗೆ ಕೇಳಿದರೆ, "ಹಳೇ ಗಾಡಿ ಸರ್, ಸದ್ದು ಇದ್ದೇ ಇರುತ್ತೆ. ಮಾರೋದಾದ್ರೆ ಹೇಳಿ, ನಾವೇ ತಗೋತೀವಿ." ಈ ಮಾತಿಗೆ ನನಗೆ ಇನ್ನೂ ರಕ್ತ ಕುದಿಯುತ್ತಿದೆ. ಈಗ ಫೋನೇ ಎತ್ತುವುದಿಲ್ಲ.

ಎರಡೂ ಕಡೆ ಬುಷ್ ಹಾಕಿಸಿದ್ದಕ್ಕೆ ನಮ್ಮ ಬೀದಿ ಮೆಕ್ಯಾನಿಕ್ ತಗೊಂಡಿದ್ದು 1,400. ಸದ್ದು ಹೋಯಿತು.

ನಿಮ್ಮ ಎಂಜಿನ್‌ನಲ್ಲಿ ಚೈನ್ ಇದೆಯೋ ಬೆಲ್ಟ್ ಇದೆಯೋ ಇವತ್ತೇ ತಿಳಿದುಕೊಳ್ಳಿ. ಫೋನಿನಲ್ಲಿ ಯಾವುದಕ್ಕೂ ಹೂಂ ಅನ್ನಬೇಡಿ. ಹೋಗಿ, ಗಾಡಿಯ ಮುಂದೆ ನಿಂತು ತೋರಿಸಿ ಅನ್ನಿ. ಹಳೇ ಪಾರ್ಟ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ನಾನು ಕೊಟ್ಟ ಮೇಲೆ ಕೇಳಿದೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ಲು, ಆ ಬೆಲ್ಟಿನ ಫೋಟೋ ಎರಡೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.